‘ಯಾವ ಮೋಟರ್ ಬೇಕಾದ್ರೂ ಕೂರುತ್ತೆ’ ಅನ್ನುವ ಟ್ರೈಕ್‌ಗೆ ಮುಂಗಡ ಕೊಡುವ ಮುಂಚೆ

ಒರಗಿ ಕೂತು ತುಳಿಯುವ ಮೂರು ಚಕ್ರದ ಸೈಕಲ್, ಅದೇ ರಿಕಂಬೆಂಟ್ ಟ್ರೈಕ್, ಹೇಳಿ ಮಾಡಿಸಿ ಅದಕ್ಕೆ ಮೋಟರ್ ಹಾಕಿಸಬೇಕು ಅಂತಿದ್ದೀರಾ? ಹಾಗಾದರೆ ಇದನ್ನು ಓದಿ. ಅದರಲ್ಲೂ ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆಯವರು. ಮೋಟರ್ ಫ್ರೇಮಿನಲ್ಲಿ ಸಡಿಲವಾಗಿ ಕೂರುವ ತೊಂದರೆ ಬಯಲುಸೀಮೆಯಲ್ಲಿ ಗೊತ್ತೇ ಆಗದೆ ಇರಬಹುದು. ನಮ್ಮ ಏರುಗಳಲ್ಲಿ ಬೇಗ ಬಯಲಾಗುತ್ತೆ.

ನನ್ನ ಮನೆ ಸುಂಟಿಕೊಪ್ಪದ ಹತ್ತಿರ. ಸೊಂಟ ನೋವಿನಿಂದ ಮಾಮೂಲಿ ಸೈಕಲ್ ಬಿಟ್ಟು ಟ್ರೈಕ್ ಮಾಡಿಸಿದೆ. ಮುಂದೆ ಎರಡು ಚಕ್ರ, ಹಿಂದೆ ಒಂದು, ಮೋಟರ್ ಇರುವುದು ಹಿಂದಿನದರಲ್ಲಿ. ಮಾಡಿಕೊಟ್ಟಿದ್ದು ಹೊರ ಜಿಲ್ಲೆಯ ಒಂದು ಸಣ್ಣ ವರ್ಕ್‌ಶಾಪು. ಹೆಸರು ಬೇಡ ಬಿಡಿ. ದಿನದ ಓಡಾಟಕ್ಕೆ ಒಳಗೆ ಗೇರ್ ಇರುವ ಸಣ್ಣ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ಮೋಟರ್), ಮಡಿಕೇರಿಗೆ ಹತ್ತುವಾಗ ಗೇರ್ ಇಲ್ಲದೆ ಚಕ್ರವನ್ನು ನೇರ ತಿರುಗಿಸುವ ದೊಡ್ಡ ಡೈರೆಕ್ಟ್ ಡ್ರೈವ್ ಹಬ್ ಮೋಟರ್, ಚಕ್ರ ಬಿಚ್ಚಿ ಇನ್ನೊಂದು ಹಾಕಿ ಪ್ಲಗ್ ಚುಚ್ಚಿದರೆ ಆಯ್ತು ಅನ್ನುವುದು ಅವರ ಮಾತು. “ಎರಡು ನಟ್ಟು ಅಷ್ಟೇ ಅಣ್ಣ” ಅಂದಿದ್ದರು.

ಸಮಸ್ಯೆ ಇರುವುದೇ ಆ ಎರಡು ನಟ್ಟಿನ ನಡುವೆ.

ಮಾಮೂಲಿ ಸೈಕಲ್‌ನಲ್ಲಿ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ಸುಮ್ನೆ ಭಾರ ಹೊರುತ್ತೆ. ಹಬ್ ಮೋಟರ್‌ನಲ್ಲಿ ಹಾಗಲ್ಲ. ಚಕ್ರವನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲದಲ್ಲಿ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತೆ. ಅದನ್ನು ತಡೆಯೋಕೆ ಅಂತಲೇ ದುಂಡನೆಯ ಆಕ್ಸಲ್‌ನ ಎರಡು ಬದಿ ಚಪ್ಪಟೆ ಮಾಡಿರುತ್ತಾರೆ. ಸಾಮಾನ್ಯವಾಗಿ 12 ಅಥವಾ 14 ಮಿಮೀ ಆಕ್ಸಲ್, ಚಪ್ಪಟೆ ಭಾಗದಲ್ಲಿ 10 ಮಿಮೀ. ಮೋಟರ್ 40 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಆ ಸಣ್ಣ ಅಂಚಿನ ಮೇಲೆ 400 ಕಿಲೋಗಿಂತ ಹೆಚ್ಚು ಒತ್ತಡ. ಅಷ್ಟನ್ನೂ ತಡೆಯಬೇಕಾದ್ದು ಫ್ರೇಮಿನ ತುದಿಯಲ್ಲಿರುವ ಸೀಳು, ಅಂದರೆ ಡ್ರಾಪ್‌ಔಟ್. ಆದರೆ ಎಲ್ಲಾ ಮೋಟರೂ ಕೂರಲಿ ಅಂತ ಇವರು ಆ ಸೀಳನ್ನೇ ಸ್ವಲ್ಪ ಅಗಲ ಮಾಡಿದ್ದರು! ಆಕ್ಸಲ್ ಸಲೀಸಾಗಿ ಒಳಗೆ ಜಾರುತ್ತೆ, ಬದಲಾಯಿಸೋಕೆ ಸುಖ. ಹಿಡಿತ ಮಾತ್ರ ಇಲ್ಲ. ಆಕ್ಸಲ್ ತಿರುಗದ ಹಾಗೆ ತಡೆಯೋಕೆ ಟಾರ್ಕ್ ಆರ್ಮ್ ಅಂತ ಒಂದೇ ಕಡೆ ತೆಳ್ಳನೆ ಪಟ್ಟಿ, ಅದನ್ನೂ ಫ್ರೇಮಿಗೆ ಹಿಡಿಸಿದ್ದು ನೀರಿನ ಪೈಪಿಗೆ ಹಾಕುವ ಕ್ಲಿಪ್‌ನಲ್ಲಿ.

ಬೋಯಿಕೇರಿ ದಾಟಿ ಹತ್ತುವಾಗ ಹಿಂದಿನಿಂದ ಟಕ್ ಅಂತ ಸದ್ದು ಬಂತು. ಮತ್ತೆ ಥ್ರಾಟಲ್ ಕೊಟ್ಟೆ, ಟಕ್ ಟಕ್ ಅಂದು ಚಕ್ರ ಗಟ್ಟಿಯಾಗಿ ನಿಂತೇಬಿಟ್ಟಿತು. ಇಳಿದು ನೋಡಿದರೆ ಆಕ್ಸಲ್ ಸೀಳಿನೊಳಗೇ ಸುತ್ತಿಕೊಂಡಿದೆ, ಅದರ ತೂತಿನಿಂದ ಹೊರಬರುವ ವೈರು ಹಗ್ಗದ ಹಾಗೆ ನುಲಿದು ಮೇಲಿನ ರಬ್ಬರ್ ಕಿತ್ತು ತಾಮ್ರ ಕಾಣ್ತಿದೆ. ಡೈರೆಕ್ಟ್ ಡ್ರೈವ್ ಮೋಟರ್‌ನ ಮೂರು ದಪ್ಪ ವೈರುಗಳು ಒಂದಕ್ಕೊಂದು ತಾಗಿದರೆ ಮೋಟರೇ ಬ್ರೇಕ್ ಆಗಿಬಿಡುತ್ತೆ, ತಳ್ಳೋದು ಬಲು ಕಷ್ಟ. ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಅಂತೂ ಸುಟ್ಟೇ ಹೋಗಿತ್ತು. ಮಂಜು ಬೇರೆ, ಟ್ರೈಕ್ ಇರುವುದೇ ಮೊಣಕಾಲೆತ್ತರ, ಹಿಂದೆ ಬಸ್ಸು ಹಾರನ್ ಹೊಡೀತಾ ನಿಂತಿದೆ. ತೋಟಕ್ಕೆ ಹೋಗ್ತಿದ್ದ ಪಿಕಪ್‌ನವರು ಇಳಿದು ಎತ್ತಿ ಬದಿಗೆ ಹಾಕದಿದ್ದರೆ ಅಲ್ಲೇ ಕೂರಬೇಕಿತ್ತು.

ವರ್ಕ್‌ಶಾಪಿನವರು ಏನಂದ್ರು ಗೊತ್ತಾ? “ಅಷ್ಟು ಏರಿಗೆ ತಗೊಂಡು ಹೋಗಬಾರದಿತ್ತು ಅಣ್ಣ.” ಕುಶಾಲನಗರ ಬಿಟ್ಟು ಮೇಲೆ ಬಂದರೆ ಸಮತಟ್ಟು ರಸ್ತೆ ಎಲ್ಲಿದೆ ಅಂತ ಅವರೇ ತೋರಿಸಲಿ. ಅದೂ ಅಲ್ಲದೆ ಏರಿಗೆ ದೊಡ್ಡ ಮೋಟರ್ ಅಂದವರು ಅವರೇ. ಅದೇ ತಲೆಕೆಳಗಿನ ಸಲಹೆ. ಗೇರ್ ಇಲ್ಲದ ಮೋಟರ್ ನಿಧಾನಕ್ಕೆ ಹತ್ತುವಾಗ ಬ್ಯಾಟರಿಯ ಬಹಳಷ್ಟು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತೆ. ಉದ್ದ ಏರಿಗೆ ಸಣ್ಣ ಗೇರ್ ಹಬ್ ವಾಸಿ, ಪೆಡಲಿನ ಹತ್ತಿರ ಕೂತು ಚೈನು, ಗೇರಿನ ಮೂಲಕ ಎಳೆಯುವ ಮಿಡ್ ಡ್ರೈವ್ ಇನ್ನೂ ವಾಸಿ. ಇನ್ನೊಂದು, 250 ವಾಟ್, ಗಂಟೆಗೆ 25 ಕಿಮೀ, ಈ ಎರಡರಲ್ಲಿ ಯಾವ ಗೆರೆ ದಾಟಿದರೂ ಕಾನೂನಿನ ಕಣ್ಣಿಗೆ ಅದು ಸೈಕಲ್ ಅಲ್ಲ, ಮೋಟಾರು ವಾಹನ. ದೊಡ್ಡ ಮೋಟರ್ ಮಾರುವಾಗ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ಡೈರೆಕ್ಟ್ ಡ್ರೈವ್ ಜೊತೆ ರೀಜನ್ ಬ್ರೇಕ್ (ಮೋಟರೇ ಕರೆಂಟ್ ಹುಟ್ಟಿಸುತ್ತಾ ವೇಗ ತಗ್ಗಿಸುವುದು) ಬರುತ್ತೆ, ಇಳಿಜಾರಲ್ಲಿ ಬ್ಯಾಟರಿ ಚಾರ್ಜ್ ಆಗುತ್ತೆ ಅಂತ ಆಸೆ ಹುಟ್ಟಿಸ್ತಾರೆ. ನಿಜ, ಆಗುತ್ತೆ. ಆದರೆ ಪ್ರತಿ ಸಲ ರೀಜನ್ ಹಿಡಿದಾಗ ಆಕ್ಸಲ್ ಉಲ್ಟಾ ದಿಕ್ಕಿಗೆ ಒತ್ತುತ್ತೆ. ಸಡಿಲ ಸೀಳಿನಲ್ಲಿ ಹಿಂದೆ ಮುಂದೆ ಅಲುಗಾಡಿ ನಟ್ಟು ತಾನಾಗೇ ಬಿಚ್ಚಿಕೊಳ್ಳುತ್ತೆ. ಜೊತೆಗೆ ಮಡಿಕೇರಿಯಲ್ಲಿ ಪೂರ್ತಿ ಚಾರ್ಜ್ ಮಾಡಿ ಸಂಪಾಜೆ ಘಾಟಿ ಇಳಿಯೋಕೆ ಹೊರಟರೆ, ತುಂಬಿದ ಬ್ಯಾಟರಿ ಇನ್ನಷ್ಟು ಕರೆಂಟ್ ತಗೊಳ್ಳಲ್ಲ, ರೀಜನ್ ಕೈಕೊಡುತ್ತೆ. ಡಿಸ್ಕ್ ಬ್ರೇಕ್ ಚೆನ್ನಾಗಿಲ್ಲದ ಟ್ರೈಕನ್ನು ಅದನ್ನು ನಂಬಿ ಇಳಿಸಬೇಡಿ.

ಪ್ಲಗ್ಗಿನ ವಿಷಯವೂ ಅಷ್ಟೇ. ಎರಡು ಮೋಟರಿಗೆ ಪ್ಲಗ್ ಒಂದೇ ತರ ಇದ್ದ ಮಾತ್ರಕ್ಕೆ ಒಳಗಿನ ವೈರಿಂಗ್ ಕ್ರಮ ಒಂದೇ ಇರಬೇಕು ಅಂತಿಲ್ಲ. ಹೊಂದದಿದ್ದರೆ ಚಕ್ರ ನಡುಗುತ್ತೆ, ಇಲ್ಲಾ ಹಿಂದಕ್ಕೆ ತಿರುಗುತ್ತೆ. ಕಂಟ್ರೋಲರ್ ಎರಡನ್ನೂ ಓಡಿಸುತ್ತಾ ಅಂತ ನಿಮ್ಮ ಕಣ್ಣೆದುರೇ, ಚಕ್ರ ಎತ್ತಿ ಹಿಡಿದು, ತೋರಿಸಲು ಹೇಳಿ. ಪ್ಲಗ್ಗಿನ ಜಾಯಿಂಟು ಸೀಟಿನ ಕೆಳಗೆ ಬಾಯಿ ಮೇಲಾಗಿ ಇದ್ದರೆ ನಮ್ಮ ಮಳೆಗೆ ಒಂದು ವಾರ ಬಾಳಿದರೆ ಜಾಸ್ತಿ.

ಡೆಲಿವರಿ ತಗೊಳ್ಳುವ ದಿನ ನಟ್ಟು ಸಡಿಲ ಮಾಡಿಸಿ, ಸ್ಪ್ಯಾನರ್‌ನಲ್ಲಿ ಆಕ್ಸಲ್ಲನ್ನು ಸೀಳಿನೊಳಗೆ ಅಲ್ಲಾಡಿಸಿ ನೋಡಿ. ಕೊಂಚ ಆಟ ಸಿಕ್ಕರೂ ಬೇಡ ಅನ್ನಿ. ಟಾರ್ಕ್ ಆರ್ಮ್ ಎರಡೂ ಬದಿ ಬೇಕು, ದಪ್ಪ ಉಕ್ಕಿನದು, ಆಯಾ ಮೋಟರಿನ ಆಕ್ಸಲ್‌ಗೆ ಅಳತೆ ಮಾಡಿ ಕೊರೆದದ್ದು, ಫ್ರೇಮಿಗೆ ಬೋಲ್ಟ್ ಹಾಕಿದ್ದು. ಮೋಟರ್ ಬದಲಾದರೆ ಆರ್ಮ್ ಕೂಡ ಬದಲಾಗಬೇಕು. ಡ್ರಾಪ್‌ಔಟ್ ಅಲ್ಯೂಮಿನಿಯಂ ಆಗಿದ್ದರೆ ಇನ್ನೂ ಹುಷಾರು. ಉಕ್ಕು ಬಗ್ಗಿ ಸೂಚನೆ ಕೊಡುತ್ತೆ, ಅಲ್ಯೂಮಿನಿಯಂ ಸೀದಾ ಸೀಳಿಹೋಗಬಹುದು.

ನನ್ನ ದೊಡ್ಡ ಮೋಟರನ್ನು ಅವರು ರಿಪೇರಿಗೆ ಅಂತ ವಾಪಸ್ ತಗೊಂಡರು. ದುಡ್ಡೂ ಬಂದಿಲ್ಲ, ಮೋಟರೂ ಬಂದಿಲ್ಲ. ವೈರು ಬದಲಾಯಿಸಿ ಬೇರೆಯವರಿಗೆ ಮಾರಿರಬಹುದು ಅನ್ನುವ ಅನುಮಾನ ನನಗಿದೆ. ಅದಕ್ಕೇ ಸೆಕೆಂಡ್‌ಹ್ಯಾಂಡ್ ಹಬ್ ಮೋಟರ್ ನೋಡೋಕೆ ಹೋದರೆ ಮೊದಲು ಆಕ್ಸಲ್ ನೋಡಿ. ಚಪ್ಪಟೆ ಬದಿಯ ಮೂಲೆಗಳು ಸವೆದು ದುಂಡಾಗಿದ್ದರೆ, ನಟ್ಟು ಹಿಡಿಯುವ ಥ್ರೆಡ್ ಉಜ್ಜಿಹೋಗಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ.