ಮುಯ್ಯಾಳಿನ ಮನೆಗೆ ಬಾಡಿಗೆಗೆ ತಂದ ಮಣ್ಣಿಟ್ಟಿಗೆ ಯಂತ್ರ

ಕಳೆದ ಮಳೆಗಾಲದಲ್ಲಿ ನಮ್ಮ ಕೇರಿಯ ವೃದ್ಧೆಯೊಬ್ಬರ ಮಣ್ಣುಗೋಡೆಯ ಮನೆ ಕುಸಿದಾಗ, ನಾಟಿಗೂ ಅಡಿಕೆ ಕೊಯ್ಲಿಗೂ ನಡೆದುಬಂದ ಮುಯ್ಯಿಯನ್ನು, ಅಂದರೆ ಕೂಲಿಯಿಲ್ಲದೆ ಆಳಿಗೆ ಆಳಾಗಿ ದುಡಿಯುವ ಪದ್ಧತಿಯನ್ನು, ಗೋಡೆಗೂ ನಡೆಸೋಣವೆಂದು ಏಳು ಮನೆಯವರು ಒಪ್ಪಿಕೊಂಡೆವು. ಅದಕ್ಕಾಗಿ ಪೇಟೆಯ ಅಂಗಡಿಯೊಂದರಿಂದ ಬಾಡಿಗೆಗೆ ತಂದ, ಕೈಯಲ್ಲಿ ಒತ್ತುವ ಇಟ್ಟಿಗೆ ಯಂತ್ರವನ್ನು ಕುರಿತ ವಿಮರ್ಶೆ ಇದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಯಂತ್ರಗಳ ಮಾದರಿ ಇದಾಗಿದ್ದು, ಇದಕ್ಕೆ ಕರೆಂಟೂ ಬೇಡ, ಇಟ್ಟಿಗೆ ಸುಡಲು ಸೌದೆಯೂ ಬೇಡ. ಮೇಲಿನ ಒಂದಡಿ ಮಣ್ಣನ್ನು ಬೇರುಸಹಿತ ತೆಗೆದುಹಾಕಿ, ಕೆಳಗಿನ ಮಣ್ಣನ್ನು ಜರಡಿ ಹಿಡಿದು, ನೂರಕ್ಕೆ ಏಳರಷ್ಟು ಸಿಮೆಂಟ್ ಬೆರೆಸಿದೆವು. ನಮ್ಮದು ಜಿಗುಟು ಮಣ್ಣಾದ್ದರಿಂದ ಮರಳನ್ನೂ ಸೇರಿಸಬೇಕಾಯಿತು. ಸೇರಿಸದೆ ಮಾಡಿದ ಮೊದಲ ದಿನದ ಇಟ್ಟಿಗೆಗಳು ಒಣಗುವಾಗ ಕೂದಲೆಳೆಯಂತೆ ಬಿರಿದವು, ಆ ತಪ್ಪು ಯಂತ್ರದ್ದಲ್ಲ. ನೀರಿನ ಹದವೇ ಇಲ್ಲಿ ಎಲ್ಲಕ್ಕಿಂತ ಸೂಕ್ಷ್ಮ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೆದು ನಾಲ್ಕೈದು ಹೋಳಾಗಬೇಕು. ನಾನು ಮೂರು ಸಲ ಸೋತಾಗ ಮನೆಯೊಡತಿಯೇ ಮುಂದೆ ಬಂದು, “ತಮ್ಮಾ, ಉಂಡೆ ಕಟ್ಟೋದು ನಮ್ಮ ಕೈಗೆ ಗೊತ್ತು, ನೀನು ಸನ್ನೆಕೋಲು ಎಳಿ” ಎಂದರು. ಆಮೇಲೆ ಹದ ನೋಡುವ ಕೆಲಸ ಪೂರ್ತಿಯಾಗಿ ಅವರದೇ ಆಯಿತು.

ಒಬ್ಬರು ತೂಗಿದ ಮಣ್ಣನ್ನು ಅಚ್ಚಿಗೆ ಸುರಿದು, ಮುಚ್ಚಳ ಹಾಕಿ, ಇಬ್ಬರು ಸನ್ನೆಕೋಲನ್ನು ಜೋತುಬಿದ್ದು ಎಳೆದರೆ 230×190×100 ಮಿ.ಮೀ. ಅಳತೆಯ ಇಟ್ಟಿಗೆ ಚೂಪು ಅಂಚಿನೊಂದಿಗೆ ಮೇಲೇಳುತ್ತದೆ. ಅದನ್ನು ಬೆರಳಲ್ಲಿ ಹಿಡಿಯದೆ ಅಂಗೈಗಳ ನಡುವೆ ಎತ್ತಬೇಕು, ಇಲ್ಲವಾದರೆ ಮೂಲೆ ಉದುರುತ್ತದೆ. ಆರು ಜನ ಕೂಡಿ ದಿನಕ್ಕೆ ಸುಮಾರು 350ರಂತೆ, ಹತ್ತು ದಿನಗಳಲ್ಲಿ ಗೋಡೆಗೆ ಬೇಕಾದಷ್ಟನ್ನು ಒತ್ತಿದೆವು. ನಂತರ ಅಡಿಕೆ ಸೋಗೆ ಮುಚ್ಚಿ, ಮೂರು ವಾರ ನೀರು ಚಿಮುಕಿಸುವ ಸರದಿಯನ್ನು ಮಕ್ಕಳಿಗೆ ವಹಿಸಿದೆವು.

ದೂರಬೇಕಾದದ್ದು ಬಾಡಿಗೆಯ ವ್ಯವಸ್ಥೆಯನ್ನು. ನಾಲ್ಕನೆಯ ದಿನ ಮುಚ್ಚಳದ ಪಿನ್ನು ಬಾಗಿತು. ಬದಲಿ ಪಿನ್ನು ಬರಲು ಎರಡು ದಿನ ಹಿಡಿದರೂ ಅಂಗಡಿಯವರು ಆ ದಿನಗಳ ಬಾಡಿಗೆಯನ್ನು ಬಿಡಲಿಲ್ಲ. ಕೂಲಿಗೆ ಆರು ಜನರನ್ನು ಕರೆದು ಒಂಟಿಯಾಗಿ ಮನೆ ಕಟ್ಟಿಸುವವರಿಗೆ ಈ ಯಂತ್ರ ಗಿಟ್ಟಲಾರದು, ಆಳಿಗೆ ಆಳು ಸಿಗುವ ಕೇರಿಗೆ ಮಾತ್ರ ಇದು ಹೇಳಿ ಮಾಡಿಸಿದಂತಿದೆ. ಮುಂದಿನ ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆಯ ಸರದಿ. ಆಗಲೂ ಇದನ್ನೇ ತರುತ್ತೇನೆ, ಆದರೆ ಹೆಚ್ಚುವರಿ ಪಿನ್ನು ಎರಡನ್ನು ಕೈಗೆ ಪಡೆದ ಮೇಲೆಯೇ ಮುಂಗಡ ಕೊಡುತ್ತೇನೆ.