ಕೊಟ್ಟಿಗೆಗೆ ಒಂದೇ ಹಾಳೆಯ ಕೌ ಮ್ಯಾಟೇ ಸರಿ

ಹಸುಗಳಿಗೆ ರಬ್ಬರ್ ಹಾಸು ತರುವವರು ದಪ್ಪನೆಯ ಕೌ ಮ್ಯಾಟನ್ನೇ ತನ್ನಿ. ಅದನ್ನೂ, ಜೋಡಿಸುವ ರಬ್ಬರ್ ಟೈಲ್ಸನ್ನೂ, ಫೋಮ್ ಮ್ಯಾಟನ್ನೂ ನಮ್ಮ ಕೊಟ್ಟಿಗೆಯಲ್ಲಿ ಪಕ್ಕಪಕ್ಕದಲ್ಲೇ ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಹಸು ದಿನದಲ್ಲಿ ಅರ್ಧ ಹೊತ್ತು ಮಲಗಿಯೇ ಇರುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಅಂದರೆ 500 ಕಿಲೋ ಹತ್ತಿರ ತೂಗುತ್ತದೆ. ಏಳುವಾಗ ಆ ಭಾರ ಮುಂಗಾಲಿನ ಮಂಡಿ ಮೇಲೆ ಬೀಳುತ್ತದೆ. ಬರೀ ಸಿಮೆಂಟ್ ನೆಲದಲ್ಲಿ ಮಂಡಿ ಊದಿ, ಕೂದಲು ಉದುರಿ, ಗಾಯವಾಗುತ್ತದೆ. ಮಲೆನಾಡಿನವರಿಗೆ ಹಸುವಿನ ಕೆಳಗೆ ಹಾಸಲು ಸೊಪ್ಪು, ದರಗು (ಒಣ ಎಲೆ) ಸಿಗುತ್ತದೆ. ಅದು ಗೊಬ್ಬರವೂ ಆಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಅಷ್ಟು ಸೊಪ್ಪು ಎಲ್ಲಿಂದ ತರುವುದು?

ಫೋಮ್ ಮ್ಯಾಟ್ ಹಗುರ, ಮೆತ್ತಗೂ ಇದೆ. ಆದರೆ ಗೊರಸಿನ ಅಂಚಿಗೆ ಹರಿದುಹೋಯಿತು.

ಟೈಲ್ಸ್ ನೋಡೋಕೆ ಚೆಂದ. ಹಳೇ ಟೈರಿನ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿರುತ್ತಾರೆ. ಜಿಮ್ಮಿನಲ್ಲಿ, ಮಕ್ಕಳ ಪಾರ್ಕಿನಲ್ಲಿ ಇರುವುದೂ ಅದೇ. ಹಸು ಜಾರುವುದಿಲ್ಲ, ಒಪ್ಪುತ್ತೇನೆ. ತೊಂದರೆ ಇರುವುದು ಗಂಜಲದಲ್ಲಿ. ಪುಡಿಯ ನಡುವೆ ಸಣ್ಣ ಸಂದುಗಳಿರುವುದರಿಂದ ಗಂಜಲ ಮೇಲೆ ಹರಿದು ಹೋಗುವುದಿಲ್ಲ, ಒಳಗೇ ಇಳಿಯುತ್ತದೆ. ಮೇಲೆ ತೊಳೆದರೆ ಶುಭ್ರವಾಗಿ ಕಾಣುತ್ತದೆ. ಒಂದು ಟೈಲ್ ಎತ್ತಿದರೆ ಕೆಳಗೆ ಕರ್ರಗಿನ ರೊಚ್ಚು, ಹುಳು, ಕಣ್ಣು ಉರಿಯುವಷ್ಟು ಘಾಟು.

ಜೋಡಣೆಯ ಸಂದುಗಳದ್ದು ಇನ್ನೊಂದು ಗೋಳು. ಸಗಣಿ ಅಲ್ಲಿ ಸೇರಿ ಗಟ್ಟಿಯಾಗುತ್ತದೆ, ಪೊರಕೆಗೆ ಬರುವುದಿಲ್ಲ, ಕಡ್ಡಿಯಲ್ಲಿ ಕೆದಕಬೇಕು. ಹಸು ಎದ್ದು ತಿರುಗುವಾಗ ಸಂದು ಬಿಟ್ಟುಕೊಂಡು ಮೂಲೆ ಮೇಲೇಳುತ್ತದೆ. ಎಲ್ಲ ಬಿಚ್ಚಿ, ಒಣಗಿಸಿ, ಮತ್ತೆ ಜೋಡಿಸಬೇಕು. ಬೆಳಗ್ಗೆ ಹಾಲು ಕರೆದು ಡೇರಿಗೆ ಓಡುವ ಹೊತ್ತಿನಲ್ಲಿ ಅದೆಲ್ಲ ಆಗುವ ಮಾತಲ್ಲ. ಹಾಗೇ ಬಿಡೋಣ ಅಂದರೆ ಹಸು ಒದ್ದೆಯಲ್ಲೇ ಕೆಚ್ಚಲು ಊರಿ ಮಲಗುತ್ತದೆ, ಕೆಚ್ಚಲು ಬಾವು ಬರುವುದು ಹೀಗೇ ಅಲ್ವಾ?

ಕೌ ಮ್ಯಾಟಿನ ಕೆಳಗೂ ರೊಚ್ಚು ಸೇರುತ್ತದೆ. ಆರೂವರೆ ಅಡಿ ಉದ್ದ, 4 ಅಡಿ ಅಗಲದ ಮ್ಯಾಟ್ ಸುಮಾರು 40 ಕಿಲೋ ಬರುತ್ತದೆ, ದಿನಾ ಎತ್ತಲಾಗುವುದಿಲ್ಲ. ಆದರೆ ಇದಕ್ಕೆ ದಾರಿಯಿದೆ. ತಳದಲ್ಲಿ ನೀರು ಹರಿದು ಹೋಗಲು ಗೀರುಗಳಿರುವ ಮ್ಯಾಟ್ ಆರಿಸಿ. ನೆಲ ಗೋದಲಿ ಕಡೆಯಿಂದ ಚರಂಡಿ ಕಡೆಗೆ ಇಳಿಜಾರಾಗಿರಲಿ, 6 ಅಡಿಗೆ ಒಂದೂವರೆ ಇಂಚು ಸಾಕು. ಮ್ಯಾಟನ್ನು ನೆಲಕ್ಕೆ ಬಿಗಿಯುವ ಬೋಲ್ಟ್ ಗೋದಲಿ ಕಡೆಗೆ ಮಾತ್ರ ಹಾಕಿಸಿ. ಆಗ ಹಿಂದಿನ ತುದಿಯನ್ನು ಇಬ್ಬರು ಎತ್ತಿ ಹಿಡಿದರೆ ಪೈಪಿನ ನೀರು ಬಿಟ್ಟು ತೊಳೆಯಬಹುದು. ಬೋಲ್ಟಿನ ತಲೆ ಮ್ಯಾಟಿಗಿಂತ ಮೇಲೆ ಬಂದರೆ ಮಂಡಿಗೆ ತಾಗುತ್ತದೆ, ಒಳಗೆ ಕೂರಿಸಲು ಹೇಳಿ. ಎರಡು ಮ್ಯಾಟಿನ ನಡುವೆ ಒಂದು ಬೆರಳು ಜಾಗ ಬಿಡಿ. ಬಿಸಿಲಿಗೆ ರಬ್ಬರ್ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಉಬ್ಬಿ ನಿಲ್ಲುತ್ತದೆ.

ದಿನಕ್ಕೆ ಒರಟು ಪೊರಕೆ, ನೀರು ಸಾಕು. ನೊಣಕ್ಕೆ ಅಂತ ಸೀಮೆಎಣ್ಣೆ, ಡೀಸೆಲ್ ಮಾತ್ರ ಚಿಮುಕಿಸಬೇಡಿ. ರಬ್ಬರ್ ಊದಿಕೊಂಡು ಮೆತ್ತಗಾಗಿ ಹಾಳಾಗುತ್ತದೆ.

ಟೈಲ್ಸನ್ನು ಈಗ ಮನೆ ಮುಂದೆ ಬೈಕ್ ನಿಲ್ಲಿಸುವ ಕಡೆ ಹಾಕಿದ್ದೇನೆ. ಅಲ್ಲಿ ಚೆನ್ನಾಗಿದೆ. ಮಳೆ ನೀರು ಇಳಿದು ಹೋಗುತ್ತದೆ, ಕಾಲು ಜಾರುವುದಿಲ್ಲ. ಎಂಜಿನ್ ಆಯಿಲ್ ತೊಟ್ಟಿಕ್ಕುವ ಗಾಡಿಯಾದರೆ ಕೆಳಗೊಂದು ತಗಡು ಇಡಿ.

ಕೌ ಮ್ಯಾಟ್ ದುಬಾರಿ ಅನ್ನಿಸಿದರೆ ಮೊದಲು ಡೇರಿಯಲ್ಲಿ ವಿಚಾರಿಸಿ. ಹಲವು ಹಾಲು ಒಕ್ಕೂಟಗಳು ಸದಸ್ಯರಿಗೆ ಸಹಾಯಧನದಲ್ಲಿ ಕೊಡುತ್ತವೆ. ಎಲ್ಲ ಹಸುಗಳಿಗೂ ಒಟ್ಟಿಗೇ ತರಬೇಕಂತಿಲ್ಲ. ನಾನಾದರೆ ತುಂಬು ಗಬ್ಬದ ಹಸುವಿಗೂ, ಮಂಡಿ ಊದಿದ್ದಕ್ಕೂ ಮೊದಲು ಹಾಕುತ್ತೇನೆ. ಉಳಿದವಕ್ಕೆ ಮುಂದಿನ ಹಾಲಿನ ಬಟವಾಡೆಗಳಲ್ಲಿ ಒಂದೊಂದೇ ತಂದರಾಯಿತು.