ಅಜ್ಜಿ, ಹಳೇ ಉತಾರ, ಹೆಳವರು: ವಂಶಾವಳಿ ಹುಡುಕುವಾಗ ಯಾರ ಮಾತು ಎಷ್ಟು ಗಟ್ಟಿ?

ನಮ್ಮದು ಬಾಗಲಕೋಟೆ ಕಡೆಯ ಒಕ್ಕಲುತನದ ಮನೆ. ಮನೆತನದ ವಂಶಾವಳಿ ಬರೆದಿಡಬೇಕು ಅಂತ ಹೊರಟಾಗ ಮನೆಯ ಹಿರಿಯರು, ತಹಶೀಲ್ದಾರ್ ಕಚೇರಿಯ ಉತಾರ (ಹೊಲದ ಪಹಣಿ), ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು, ನಾಡಕಚೇರಿಯ ವಂಶವೃಕ್ಷ, ಇಂಟರ್ನೆಟ್ ಎಲ್ಲವನ್ನೂ ನೋಡಿದೆ. ಪ್ರತಿಯೊಂದರ ಹತ್ತಿರವೂ ಒಂದೇ ಪ್ರಶ್ನೆ ಕೇಳಿದೆ: ಇದು ನಿಮಗೆ ಯಾರು ಹೇಳಿದ್ದು? ಆ ಪ್ರಶ್ನೆ ಹಿಡಿದು ಹೋಲಿಸಿದರೆ ಯಾವುದಕ್ಕೆ ಎಷ್ಟು ಬೆಲೆ ಅಂತ ಬೇಗ ಗೊತ್ತಾಗುತ್ತದೆ.

ಶುರು ಮಾಡಬೇಕಾದ್ದು ಹಿರಿಯರಿಂದಲೇ. ಕಾಗದ ಮುಂದಿನ ವರ್ಷವೂ ಸಿಗುತ್ತದೆ, ವಯಸ್ಸಾದವರ ನೆನಪು ಕಾಯುವುದಿಲ್ಲ. ಅಜ್ಜಿಗೆ ಇಸವಿ ಕೇಳಿದರೆ ಗೊತ್ತಿರಲಿಲ್ಲ. ಆದರೆ "ಗಾಂಧಿ ಸತ್ತಾಗ ನಿಮ್ಮ ದೊಡ್ಡಪ್ಪ ಹೊಟ್ಟ್ಯಾಗಿದ್ದ" ಅಂದರು. ಅಷ್ಟು ಸಾಕು, 1948 ಅಂತ ಬರೆದುಕೊಂಡೆ. ಹೀಗೆ ಪ್ಲೇಗು, ಬರ, ಏಕೀಕರಣ, ಊರಿಗೆ ಕರೆಂಟ್ ಬಂದದ್ದು, ಇಂಥವನ್ನು ಮುಂದಿಟ್ಟು ಕೇಳಿ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಅಜ್ಜಿಯನ್ನು ಮೀರಿಸುವ ಮೂಲ ಇನ್ನೊಂದಿಲ್ಲ. ಯಾರನ್ನು ಯಾವ ಊರಿಗೆ ಕೊಟ್ಟಿದ್ದರು, ಯಾರು ಬಾಣಂತನದಲ್ಲಿ ತೀರಿಕೊಂಡರು, ಎಲ್ಲ ಅವರಿಗೆ ಬಾಯಿಪಾಠ. ಜೊತೆಗೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ ನೋಡಿ. ನಮ್ಮ ಮನೆಯ ಒಂದು ಕೊಡದ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿವೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಮುತ್ತಜ್ಜಿಯ ತಾಯಿಯ ಹೆಸರು, ಅವರ ತವರೂರು ಎರಡೂ ಕಂಡವು. ಯಾವ ಸರಕಾರಿ ಕಾಗದದಲ್ಲೂ ನನಗೆ ಆ ಹೆಸರು ಸಿಕ್ಕಿಲ್ಲ.

ಆದರೆ ಬಾಯಿಮಾತಿನಲ್ಲಿ ಒಂದು ದೊಡ್ಡ ತೊಡಕಿದೆ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ. ಕಾಲ ಕಳೆದಂತೆ ಇಬ್ಬರು ಬಸಪ್ಪಂದಿರ ಕತೆ ಒಬ್ಬರ ತಲೆಗೆ ಬರುತ್ತದೆ. ಎತ್ತು ಹೊಡೆದುಕೊಂಡು ಈ ಊರಿಗೆ ಬಂದವರೂ ಬಸಪ್ಪ, ಹೊಲದ ಬಾವಿ ತೋಡಿಸಿದವರೂ ಬಸಪ್ಪ. ಅಜ್ಜಿಯ ಲೆಕ್ಕದಲ್ಲಿ ಅವರಿಬ್ಬರೂ ಒಬ್ಬರೇ.

ಇಂಥ ಗಂಟು ಬಿಡಿಸುವುದರಲ್ಲಿ ಹೊಲದ ಕಾಗದವೇ ಮೇಲು. 2000ದ ಆಸುಪಾಸಿನಿಂದ ಈಚೆಯ ಪಹಣಿ ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನ ಕೈಬರಹದ ಉತಾರಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಸರ್ವೆ ನಂಬರ್ ಹಾಕಿ ಅರ್ಜಿ ಕೊಡಬೇಕು. ಪಹಣಿಯ 9ನೇ ಕಾಲಂನಲ್ಲಿ ಹೆಸರು, 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಅನ್ನುವುದು, ಅಲ್ಲೇ ಮ್ಯುಟೇಶನ್ ನಂಬರ್, ಅಂದರೆ ಹಕ್ಕು ಬದಲಾದ ನಮೂದಿನ ಸಂಖ್ಯೆ. ಬಹಳ ಜನ ಹೆಸರು ನೋಡಿ ಸುಮ್ನಾಗುತ್ತಾರೆ. ನಿಜವಾದ ಸರಕು ಇರುವುದು ಆ ನಂಬರಿನ ಹಿಂದೆ. ಅದನ್ನು ಹಿಡಿದು ಮ್ಯುಟೇಶನ್ ನಕಲು ತೆಗೆಸಿ.

ನನಗೆ ಸಿಕ್ಕ ನಮೂದು ಮೂರೇ ಸಾಲಿನದು. ಬಸಪ್ಪ ತಂದೆ ಮಲ್ಲಪ್ಪ ತೀರಿಕೊಂಡಿದ್ದಾರೆ, ಮಗ ಮೈನರ್, ಪಾಲಕಿ ತಾಯಿ ಗಂಗವ್ವ. ಅಜ್ಜಿಗೆ ಓದಿ ಹೇಳಿದೆ. "ಗಂಗವ್ವ ಅಂದ್ರ ನಮ್ಮ ಮಾವನ ತಾಯಿ, ನಾ ನೋಡೀನಿ" ಅಂದರು. ಅಲ್ಲಿಗೆ ಈ ಬಸಪ್ಪ ಯಾವ ತಲೆಮಾರಿನವರು ಅನ್ನುವುದು ಗಟ್ಟಿಯಾಯಿತು. ಹೆಸರು ಒಂದೇ ಇದ್ದಾಗ ಹೆಂಡತಿಯ ಹೆಸರು ನೋಡಿ, ಗೊಂದಲ ಅಲ್ಲೇ ಮುಗಿಯುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಪೌತಿ ಖಾತೆ (ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ) ಮಾಡಿಸುವುದನ್ನು ನಮ್ಮ ಜನ ವರ್ಷಗಟ್ಟಲೆ ತಡ ಮಾಡುತ್ತಾರೆ, ಹಾಗಾಗಿ ಅಲ್ಲಿರುವ ತಾರೀಖನ್ನು ಸತ್ತ ದಿನ ಅಂದುಕೊಳ್ಳಬಾರದು.

ಕಾಗದಕ್ಕೂ ಮಿತಿ ಇದೆ. ಹಳೇ ಮುಂಬಯಿ ಪ್ರಾಂತದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದೇ 1903ರಲ್ಲಿ. ಅದರ ಹಿಂದಕ್ಕೆ ಹೋಗುವುದು ಕಷ್ಟ, ಸಿಕ್ಕರೂ ಮೋಡಿ ಅಕ್ಷರ (ಮರಾಠಿಯ ಹಳೇ ಕೂಡುಬರಹ) ಓದುವವರು ಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದದ್ದು ನಮ್ಮ ರಾಜ್ಯದ 1994ರ ತಿದ್ದುಪಡಿಯಿಂದ, ಆಮೇಲೆ 2005ರ ಕೇಂದ್ರದ ತಿದ್ದುಪಡಿಯಿಂದ. ಹಾಗಾಗಿ ಹಳೇ ಉತಾರದಲ್ಲಿ ಅವರು ಬರುವುದು ಬಹುಪಾಲು ವಿಧವೆಯಾಗಿ, ಪಾಲಕಿಯಾಗಿ. ಗೇಣಿ ಮಾಡುತ್ತಿದ್ದ ಮನೆತನದವರು 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಹೊಲದ ಹಕ್ಕು ಕೇಳಿ ಕೊಟ್ಟ ಫಾರಂ 7 ಅರ್ಜಿ ಹುಡುಕಬೇಕು. ಹೊಲವೇ ಇಲ್ಲದವರಿಗೆ ಶಾಲೆಯ ದಾಖಲಾತಿ ವಹಿ ಒಳ್ಳೆಯ ದಾರಿ, ಅದರಲ್ಲಿ ತಂದೆಯ ಹೆಸರು ಸಿಗುತ್ತದೆ. ಜೂನ್ 1 ಅಂತ ಇರುವ ಹುಟ್ಟಿದ ದಿನವನ್ನು ಮಾತ್ರ ನಂಬಬೇಡಿ, ಮೇಷ್ಟ್ರು ಎಷ್ಟೋ ಮಕ್ಕಳಿಗೆ ಅದೇ ದಿನ ಬರೆದಿದ್ದಾರೆ.

ಇನ್ನು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತು ಕಟ್ಟಿಕೊಂಡು ಬಂದು, ಮನೆತನದ ಮೂಲ ಊರು, ಬೆಡಗು (ಕುಲದ ಒಳಪಂಗಡ), ಕವಲೊಡೆದ ಅಣ್ಣತಮ್ಮಂದಿರ ಹೆಸರು ಎಲ್ಲವನ್ನೂ ಒಂದೇ ಉಸಿರಿಗೆ ಹೊಗಳುತ್ತಾ ಹೇಳುವವರು. ಕಾಳು, ಬಟ್ಟೆ, ಹಣ ಕೊಟ್ಟು ಕಳಿಸುವುದು ರೂಢಿ. ನಮ್ಮ ಮನೆಯ ಹೆಳವರ ಹೊತ್ತಿಗೆಯಲ್ಲಿ ಉತಾರಕ್ಕಿಂತ ಹಿಂದಿನ ತಲೆಮಾರುಗಳಿದ್ದವು. ಊರು ಬಿಟ್ಟು ಬಂದ ಬಸಪ್ಪ ಬೇರೆ, ಬಾವಿ ತೋಡಿಸಿದವರು ಅವರ ಮೊಮ್ಮಗ ಅಂತ ಮೊದಲು ತೋರಿಸಿಕೊಟ್ಟವರು ಅವರೇ. ಈ ವಿದ್ಯೆಯ ಮೇಲೆ ನನಗೆ ಬಹಳ ಗೌರವ.

ಆದರೂ ಆ ಪ್ರಶ್ನೆಯನ್ನು ಅವರಿಗೂ ಕೇಳಬೇಕು. ಬಂದಾಗಲೆಲ್ಲ ಹೊಸದಾಗಿ ಹುಟ್ಟಿದವರ, ತೀರಿಕೊಂಡವರ ಹೆಸರನ್ನು ಅವರು ನಮ್ಮಿಂದಲೇ ಕೇಳಿ ಬರೆದುಕೊಳ್ಳುತ್ತಾರೆ. ಅಂದರೆ ಈಚಿನ ತಲೆಮಾರಿನ ಮಟ್ಟಿಗೆ ಅದು ನಮ್ಮದೇ ಮಾತು, ಸಾಕ್ಷಿಯಾಗುವುದಿಲ್ಲ. ಹಳೆಯ ಭಾಗ ಹಾಗಲ್ಲ. ಅದನ್ನು ಅಂದಿನವರು ಅಂದೇ ಹೇಳಿ ಬರೆಸಿದ್ದು, ಅದಕ್ಕೆ ತೂಕ ಜಾಸ್ತಿ. ಅವರು ಓದಿ ಮುಗಿಸುವ ತನಕ ನೀವಾಗಿ ಯಾವ ಹೆಸರನ್ನೂ ಹೇಳಬೇಡಿ. ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಉತಾರದ ಜೊತೆ ತಾಳೆ ನೋಡಿ.

ನಾಡಕಚೇರಿಯ ವಂಶವೃಕ್ಷ ಹುಡುಕಾಟಕ್ಕೆ ಕೆಲಸಕ್ಕೆ ಬರಲಿಲ್ಲ. ಪೌತಿಗೆ, ವಾರಸಾಕ್ಕೆ ಅದು ಬೇಕೇ ಬೇಕು, ಸರಿ. ಆದರೆ ಅಫಿಡವಿಟ್‌ನಲ್ಲಿ ನಾವು ಬರೆದುಕೊಟ್ಟದ್ದನ್ನು ಊರಲ್ಲಿ ವಿಚಾರಿಸಿ, ಮೊಹರು ಹಾಕಿ ವಾಪಸ್ ಕೊಡುತ್ತಾರೆ. ಹೊಸದೇನೂ ಅದರಲ್ಲಿ ಸಿಗುವುದಿಲ್ಲ.

ಇಂಟರ್ನೆಟ್ಟಿನಲ್ಲಿ ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ವೆಬ್‌ಸೈಟ್ ಪುಕ್ಕಟೆ, ಯಾತ್ರಿಕರ ವಂಶಾವಳಿ ಬರೆದಿಡುವ ಹರಿದ್ವಾರದ ಪುರೋಹಿತರಾದ ಪಂಡಾಗಳ ವಹಿಗಳ ಚಿತ್ರಗಳೂ ಅಲ್ಲಿವೆ. ನಮ್ಮ ಹಳ್ಳಿಯ ಬಗ್ಗೆ ನನಗೇನೂ ಸಿಗಲಿಲ್ಲ. ಅಮೆರಿಕದಲ್ಲಿ 72 ವರ್ಷದ ನಂತರ ಜನಗಣತಿಯ ಹೆಸರುಗಳನ್ನು ಬಿಡುಗಡೆ ಮಾಡುತ್ತಾರೆ. ನಮ್ಮಲ್ಲಿ 1948ರ ಕಾಯ್ದೆ ಪ್ರಕಾರ ಅವು ಗುಟ್ಟು. ಡಿಎನ್‌ಎ ಪರೀಕ್ಷೆ ಮಾಡಿಸಿದವರ ನಡುವೆ ಸಂಬಂಧ ತೋರಿಸೀತು, ಮುತ್ತಜ್ಜನ ಹೆಸರು ಹೇಳುವುದಿಲ್ಲ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಪಕ್ಕ ಅ, ಉ, ಹೆ ಅಂತ ಗುರುತು ಹಾಕುತ್ತೇನೆ: ಅಜ್ಜಿ, ಉತಾರ, ಹೆಳವರು. ಒಬ್ಬರಿಂದೊಬ್ಬರು ಕೇಳಿರದ ಎರಡು ಗುರುತು ಬಿದ್ದರೆ ಮಾತ್ರ ಪೆನ್ನಿನಲ್ಲಿ ಬರೆಯುವುದು. ಬಾವಿ ತೋಡಿಸಿದ ಬಸಪ್ಪ ಪೆನ್ನಿಗೆ ಬಂದಾಗಿದೆ. ಊರು ಬಿಟ್ಟು ಬಂದ ಬಸಪ್ಪನಿಗೆ 'ಹೆ' ಒಂದೇ ಇದೆ, ಆ ಹೆಸರು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ. ಹೆಳವರು ಹೇಳಿದ ಮೂಲ ಊರಿನ ಹಳೇ ವಹಿ ನೋಡಲು ಈ ಬೇಸಿಗೆಯಲ್ಲಿ ಅಲ್ಲಿನ ತಾಲ್ಲೂಕು ಕಚೇರಿಗೆ ಅರ್ಜಿ ಹಾಕುತ್ತೇನೆ.